ಪದಬಂಧದೊಳಗೆ ಸಿಕ್ಕ ನಮ್ಮ ತಾಲ್ಲೂಕು

ದೀಪಾವಳಿ ರಜೆಗೆ ಊರಿಗೆ ಹೋಗಿದ್ದೆ. ಊರು ಅಂದರೆ ನವಲಗುಂದದ ಹತ್ತಿರದ ಒಂದು ಹಳ್ಳಿ. ಮಾಳಿಗೆ ಹತ್ತಿದರೆ ಮಾತ್ರ ನೆಟ್‌ವರ್ಕ್ ಸಿಗುತ್ತೆ, ಹಾಗಾಗಿ ಆಫೀಸಿನವರು ಫೋನ್ ಮಾಡಿದರೂ ಸಿಗದೆ ಆರಾಮಾಗಿ ಇರಬಹುದು :-)

ನಮ್ಮ ಅಜ್ಜನಿಗೆ ಈಗ ಎಪ್ಪತ್ತೆಂಟು. ಬೆಳಿಗ್ಗೆ ಚಹಾ ಕುಡಿದು ಕಟ್ಟೆಯ ಮೇಲೆ ಕೂತರೆ ಪೇಪರ್ ಒಂದಕ್ಷರ ಬಿಡದೆ ಓದುತ್ತಾನೆ. ಓದದೇ ಇರುವುದು ಒಂದೇ, ಪದಬಂಧ. "ಅದು ನೌಕರಿ ಇಲ್ಲದಾವ್ರ ಕೆಲಸ" ಅಂತ ಅವನ ಅಭಿಪ್ರಾಯ. ಆ ಪುಟ ನನ್ನ ಪಾಲಿಗೆ ಬರುತ್ತದೆ.

ಆ ದಿನದ ಪದಬಂಧಕ್ಕೆ ಒಂದು ವಿಷಯ ಕೊಟ್ಟಿದ್ದರು: ಧಾರವಾಡ ಜಿಲ್ಲೆ. ನನಗೋ ಖುಷಿ. ನಮ್ಮದೇ ಜಿಲ್ಲೆ, ಹತ್ತು ನಿಮಿಷದ ಕೆಲಸ ಅಂದುಕೊಂಡು ಪೆನ್ನು ತಗೊಂಡು ಕೂತೆ. ಮುಗಿಸುವಾಗ ಮಧ್ಯಾಹ್ನದ ಊಟದ ಹೊತ್ತಾಗಿತ್ತು!

ಪದಬಂಧದ ಬಗ್ಗೆ ಒಂದೆರಡು ಮಾತು. ಇಂಥದ್ದು ಮೊದಲು ಅಚ್ಚಾಗಿದ್ದು 1913ರ ಡಿಸೆಂಬರ್ 21ರಂದು, 'ನ್ಯೂಯಾರ್ಕ್ ವರ್ಲ್ಡ್' ಪತ್ರಿಕೆಯಲ್ಲಿ. ಮಾಡಿದವನು ಆರ್ಥರ್ ವಿನ್, ಲಿವರ್‌ಪೂಲ್‌ನಲ್ಲಿ ಹುಟ್ಟಿದವನು. ಅದು ವಜ್ರದ ಆಕಾರದಲ್ಲಿತ್ತು, ಹೆಸರು 'ವರ್ಡ್-ಕ್ರಾಸ್'. ಇಂಗ್ಲಿಷಿನಲ್ಲಿ ಒಂದು ಮನೆಗೆ ಒಂದು ಲೆಟರ್. ನಮ್ಮಲ್ಲಿ ಒಂದು ಮನೆಗೆ ಒಂದು ಅಕ್ಷರ, ಗುಣಿತ ಒತ್ತು ಎಲ್ಲಾ ಸೇರಿ. 'ಅಮೃತೇಶ್ವರ' ಯೂನಿಕೋಡ್ ಲೆಕ್ಕದಲ್ಲಿ ಒಂಬತ್ತು ಸಂಕೇತ, ಪದಬಂಧದಲ್ಲಿ ಐದೇ ಮನೆ. 'ಯ' ಬೇರೆ, 'ಯಿ' ಬೇರೆ. ಹಾಗಾಗಿ ಕನ್ನಡದಲ್ಲಿ ಎರಡು ಪದಗಳನ್ನು ಒಂದರ ಮೇಲೊಂದು ಹಾಯಿಸುವುದು ತಮಾಷೆಯಲ್ಲ. ಪದಬಂಧ ರಚಿಸುವವರಿಗೆ ಒಂದು ನಮಸ್ಕಾರ.

ಅಮೃತೇಶ್ವರ ಅಂದೆನಲ್ಲ, ಮೊದಲು ತುಂಬಿದ್ದು ಅದನ್ನೇ. ಅಣ್ಣಿಗೇರಿಯ ಗುಡಿ, 1050ರ ಸುಮಾರಿನದು, ಕಲ್ಯಾಣ ಚಾಲುಕ್ಯರ ಕಾಲದ್ದು, 76 ಕಂಬಗಳಿವೆ. ಶಾಲೆಯಿಂದ ಕರೆದುಕೊಂಡು ಹೋಗಿದ್ದರು, ಕಂಬ ಎಣಿಸುವ ಪಂದ್ಯ ಕಟ್ಟಿದ್ದೆವು. ಮುಂದಿನ ಸುಳಿವು, 'ಅಣ್ಣಿಗೇರಿ ಮುಖ್ಯ ಪಟ್ಟಣವಾಗಿದ್ದ ಹಳೆಯ ನಾಡು', ಮೂರಕ್ಷರ. ನಾನು ಬೆಳೆದದ್ದೇ ಬೆಳವಲದಲ್ಲಿ, ಆದರೆ 'ಬೆಳವಲ' ನಾಲ್ಕಕ್ಷರ! ಬಹಳ ಹೊತ್ತು ತಲೆ ಕೆರೆದುಕೊಂಡ ಮೇಲೆ ಶಾಸನಗಳ 'ಬೆಳ್ವೊಲ' ನೆನಪಾಯಿತು. ಬೆಳ್ವೊಲ ಮುನ್ನೂರು. ಒಂದು ಮನೆ ಕಮ್ಮಿ ಇದ್ದದ್ದಕ್ಕೆ ಸಾವಿರ ವರ್ಷ ಹಿಂದಕ್ಕೆ ಹೋಗಬೇಕಾಯಿತು.

'ಅಣ್ಣಿಗೇರಿಯ ನಂಟಿನ ಆದಿಕವಿ', ಎರಡಕ್ಷರ. ಇದು ಎಲ್ಲರಿಗೂ ಗೊತ್ತು, ಪಂಪ. ಆದರೆ ಅಣ್ಣಿಗೇರಿ ಅಂತ ಹೇಗೆ ಗೊತ್ತಾಯಿತು ಅಂತ ನಾನು ಯಾವತ್ತೂ ಕೇಳಿಕೊಂಡಿರಲಿಲ್ಲ. ಮಾಳಿಗೆ ಹತ್ತಿ ಗೂಗಲಿಸಿದೆ. ತೆಲಂಗಾಣದ ಕರೀಂನಗರದ ಕಡೆ ಕುರ್ಕ್ಯಾಲ ಅಂತ ಊರು. ಅಲ್ಲಿನ ಬೊಮ್ಮಲಗುಟ್ಟದ ಬಂಡೆಯ ಮೇಲೆ ಪಂಪನ ತಮ್ಮ ಜಿನವಲ್ಲಭ ಕೆತ್ತಿಸಿದ ಶಾಸನ ಇದೆ. ಸಂಸ್ಕೃತ, ಕನ್ನಡ, ತೆಲುಗು ಮೂರೂ ಭಾಷೆಗಳಲ್ಲಿ. ತಮ್ಮ ತಾಯಿ ಅಬ್ಬಣಬ್ಬೆ ಬೆಳ್ವೊಲದ ಅಣ್ಣಿಗೇರಿಯ ಜೋಯಿಸರ ಮನೆತನದ ಹೆಣ್ಣುಮಗಳು ಅಂತ ಅದರಲ್ಲಿ ಹೇಳಿದ್ದಾನೆ. ಅಂದರೆ ಅಣ್ಣಿಗೇರಿ ಪಂಪನ ತಾಯಿಯ ಕಡೆಯ ಊರು. ನಮ್ಮೂರ ಪಕ್ಕದ ವಿಷಯ ತಿಳಿಯೋಕೆ ಅಷ್ಟು ದೂರದ ಕಲ್ಲು ಬೇಕಾಯಿತಲ್ಲ ಅನ್ನಿಸಿತು. ಅದೂ ಬರೆಸಿಟ್ಟದ್ದು ಮನೆಯವನೇ, ಒಡಹುಟ್ಟಿದ ತಮ್ಮ.

ಆಮೇಲೆ ಒಂದು ಪೇಚಾಟ. ಒಂದೇ ಮನೆಯಿಂದ ಶುರುವಾಗುವ ಎರಡು ಪದ, ಎರಡೂ ನಾಲ್ಕಕ್ಷರ. ಅಡ್ಡಕ್ಕೆ 'ನವಲಗುಂದದ ಹೆಸರಾಂತ ನೆಲಹಾಸು'. ಮೇಲಿನಿಂದ ಕೆಳಕ್ಕೆ 'ಕುಂದಗೋಳ ಸೇರಿದ್ದ ಸಂಸ್ಥಾನ'. ಮೊದಲನೆಯದು ಜಮಖಾನ, ನಿದ್ದೆಗಣ್ಣಲ್ಲೂ ಹೇಳುತ್ತೇನೆ. ಬಿಜಾಪುರದ ಕಡೆಯಿಂದ ಬಂದ ನೇಕಾರರು ತಂದ ಕಲೆ ಅಂತಾರೆ. ಹತ್ತಿ ನೂಲಿನಲ್ಲಿ ನವಿಲು, ಪಗಡೆ ಹಾಸಿನ ಚಿತ್ತಾರ. ನೇಯುವವರು ಹೆಣ್ಣುಮಕ್ಕಳು. 2011ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಬಂತು, ಆದರೂ ಈಗ ಮಗ್ಗದ ಮುಂದೆ ಕೂರುವವರು ಬೆರಳೆಣಿಕೆಯಷ್ಟು.

ಎರಡನೆಯದು? ಕುಂದಗೋಳ ಹುಬ್ಬಳ್ಳಿಗೆ ಹತ್ತಿಕೊಂಡ ಊರು, ಅದು ಧಾರವಾಡ ಜಿಲ್ಲೆಯಲ್ಲದೆ ಇನ್ನೆಲ್ಲಿ ಇರುತ್ತೆ ಅಂತಲೇ ನಾನು ತಿಳಿದಿದ್ದೆ. 'ಜ' ಸಿಕ್ಕಿತ್ತು. ಜಮಖಂಡಿ! ಈಗಿನ ಬಾಗಲಕೋಟೆ ಜಿಲ್ಲೆಯ ಜಮಖಂಡಿ. ಪಟವರ್ಧನರ ಆ ಸಂಸ್ಥಾನದ ಒಂದು ತುಂಡು ಇಲ್ಲಿ ಇತ್ತಂತೆ, ಸುತ್ತ ಬ್ರಿಟಿಷರ ಧಾರವಾಡ ಜಿಲ್ಲೆ, ನಡುವೆ ಜಮಖಂಡಿಯ ಕುಂದಗೋಳ. 1948ರಲ್ಲಿ ಸಂಸ್ಥಾನ ಮುಂಬೈ ಪ್ರಾಂತದಲ್ಲಿ ವಿಲೀನವಾಯಿತು.

ಕುಂದಗೋಳದ್ದೇ ಇನ್ನೊಂದು. 'ರಾಮಭಾವು ಕುಂದಗೋಳಕರರ ಬಿರುದಿನ ಮೊದಲ ಪದ', ಮೂರಕ್ಷರ. ಸವಾಯಿ ಗಂಧರ್ವರು. 1886ರಲ್ಲಿ ಹುಟ್ಟಿದವರು, ಅಬ್ದುಲ್ ಕರೀಂ ಖಾನರ ಶಿಷ್ಯರು, ಭೀಮಸೇನ ಜೋಶಿ ಮತ್ತು ಗಂಗೂಬಾಯಿ ಹಾನಗಲ್ ಅವರ ಗುರುಗಳು. ಗಂಗೂಬಾಯಿ ಹುಬ್ಬಳ್ಳಿಯಿಂದ ರೈಲಿನಲ್ಲಿ ಕುಂದಗೋಳಕ್ಕೆ ಪಾಠಕ್ಕೆ ಬರುತ್ತಿದ್ದರು. ಹೆಸರು ತುಂಬಿದೆ, ಆದರೆ 'ಸವಾಯಿ' ಅಂದರೆ ಏನು?

"ಅಜ್ಜಾ, ಸವಾಯಿ ಅಂದ್ರೇನು?"

"ಸವಾ ಹತ್ತಕ್ಕ ಬಸ್ಸೈತಿ ಅಂತೀವಲ್ಲ, ಅದ. ಹತ್ತೂಕಾಲು. ಸವಾಯಿ ಅಂದ್ರ ಒಂದೂಕಾಲು. ಉಳದಾವ್ರಕಿಂತ ಪಾವು ಹೆಚ್ಚು."

ಮರಾಠಿ ರಂಗಭೂಮಿಯಲ್ಲಿ ಬಾಲಗಂಧರ್ವರಿದ್ದರು, ಅವರಿಗಿಂತ ಕಾಲು ಪಾಲು ಹೆಚ್ಚು ಈ ಗಂಧರ್ವ ಅಂತ ಮೆಚ್ಚಿ ಕೊಟ್ಟ ಬಿರುದು! ಇಷ್ಟು ವರ್ಷ ಕೇಳಿದ ಹೆಸರಿನೊಳಗೆ ಒಂದು ಲೆಕ್ಕ ಇತ್ತು, ಎಂಜಿನಿಯರಿಂಗ್ ಓದಿದ ನನಗೆ ಹೊಳೆದಿರಲಿಲ್ಲ.

ಅಷ್ಟರಲ್ಲಿ ಅಜ್ಜ ಕಟ್ಟೆಯಿಂದ ಎದ್ದು ನನ್ನ ಪಕ್ಕ ಬಂದು ಕೂತಿದ್ದ. ಕಲಘಟಗಿಯ ಮೂರಕ್ಷರಕ್ಕೆ ಒಳಗಿನಿಂದ ಅವ್ವನೇ "ತೊಟ್ಟಿಲು" ಅಂತ ಕೂಗಿದಳು. ಸಾಗವಾನಿ ಕಟ್ಟಿಗೆ, ಅರಗಿನ ಬಣ್ಣ, ಸುತ್ತ ರಾಮಾಯಣ ಮಹಾಭಾರತದ ಚಿತ್ರ. ನಾನು ಮಲಗಿದ್ದೂ ಅಂಥದ್ದರಲ್ಲೇ ಅಂತೆ. ಅವರಿವರ ಮನೆಯ ಬಾಣಂತನಕ್ಕೆ ಹೋಗುತ್ತಾ ಹೋಗುತ್ತಾ ಈಗ ಯಾರ ಮನೆಯಲ್ಲಿದೆಯೋ. ಬೆಣ್ಣೆಹಳ್ಳವೂ ಬಂತು. ನಮ್ಮ ಕಡೆ ಬೆಣ್ಣೆಹಳ್ಳ, ತುಪ್ಪರಿಹಳ್ಳ ಅಂತ ಹೆಸರು ಮಾತ್ರ ರುಚಿ. ಬೇಸಿಗೆಯಲ್ಲಿ ಬರೀ ಉಸುಕು, ಮಳೆ ಬಂದರೆ ಹೊಲವೆಲ್ಲ ನೀರು.

ಕೊನೆಗೆ ಉಳಿದದ್ದು ಒಂದು. '1980ರ ನವಲಗುಂದ-ನರಗುಂದ ರೈತರ ______', ಮೂರಕ್ಷರ.

"ಇದು ತಪ್ಪು ಅಚ್ಚಾಗೇದ ನೋಡಜ್ಜಾ" ಅಂದೆ. "ನರಗುಂದ ಬಂಡಾಯ ಆಗಿದ್ದು 1858ರಾಗ. ಬಾಬಾಸಾಹೇಬ ಬ್ರಿಟಿಷರ ಮ್ಯಾಲ ಎದ್ದಿದ್ದು, ಬೆಳಗಾವಿಯೊಳಗ ಗಲ್ಲಿಗೆ ಹಾಕಿದ್ದು. ಸಾಲ್ಯಾಗ ಓದೀವಿ."

ಅಜ್ಜ ಸ್ವಲ್ಪ ಹೊತ್ತು ಮಾತಾಡಲಿಲ್ಲ.

"ತಪ್ಪಿಲ್ಲೋ ತಮ್ಮಾ. ಎಂಬತ್ತನೇ ಇಸ್ವಿನ ಖರೆ. ನಾನೂ ಹೋಗಿದ್ದೆ."

"ಎಲ್ಲಿಗೆ?"

"ನವಲಗುಂದಕ್ಕ. ಸೈಕಲ್ ಮ್ಯಾಲ."

ನನಗೆ ಮೈ ಜುಮ್ಮೆಂದಿತು. ಇಪ್ಪತ್ತೆಂಟು ವರ್ಷ ಒಂದೇ ಮನೆಯ ಮನುಷ್ಯ, ಒಮ್ಮೆಯೂ ಹೇಳಿರಲಿಲ್ಲ.

ನಡೆದದ್ದು ಇಷ್ಟು. ಸವದತ್ತಿ ಹತ್ತಿರ ನವಿಲುತೀರ್ಥದಲ್ಲಿ ಮಲಪ್ರಭೆಗೆ ಆಣೆಕಟ್ಟು ಕಟ್ಟಿ ಕಾಲುವೆ ತೋಡಿದರು. ನೀರಾವರಿಯಿಂದ ಜಮೀನಿನ ಬೆಲೆ ಏರಿತು ಅಂತ ಅಚ್ಚುಕಟ್ಟು ಪ್ರದೇಶದ ರೈತರ ಮೇಲೆ ಅಭಿವೃದ್ಧಿ ಕರ ಹಾಕಿದರು. ನೀರು ಮುಟ್ಟದ ಹೊಲಕ್ಕೂ ಕರ, ನೀರು ನಿಂತು ಜೌಗಾದ ಹೊಲಕ್ಕೂ ಕರ. 1972ರಲ್ಲಿ ಧಾರವಾಡದಲ್ಲಿ ರೂಪಿಸಿದ 'ವರಲಕ್ಷ್ಮಿ' ಹೈಬ್ರಿಡ್ ಹತ್ತಿಯನ್ನು ನಂಬಿ ಸಾಲ ಮಾಡಿ ಬೆಳೆದಿದ್ದರು, ಅದರ ಬೆಲೆಯೂ ಕುಸಿಯಿತು. 1980ರ ಜುಲೈ 21ರಂದು ಎರಡೂ ಊರುಗಳಲ್ಲಿ ರೈತರು ಸೇರಿದರು, ಗೋಲಿಬಾರ್ ಆಯಿತು. ನವಲಗುಂದದಲ್ಲಿ ಬಸಪ್ಪ ಲಕ್ಕುಂಡಿ, ನರಗುಂದದಲ್ಲಿ ವೀರಪ್ಪ ಕಡ್ಲಿಕೊಪ್ಪ ತೀರಿಕೊಂಡರು. ನರಗುಂದದಲ್ಲಿ ಪೊಲೀಸರೂ ಸತ್ತರು. ಹೋರಾಟ ರಾಜ್ಯಕ್ಕೆಲ್ಲ ಹಬ್ಬಿತು, ಅದೇ ವರ್ಷ ಕರ್ನಾಟಕ ರಾಜ್ಯ ರೈತ ಸಂಘ ಹುಟ್ಟಿತು. 1983ರ ಚುನಾವಣೆಯಲ್ಲಿ ಗುಂಡೂರಾಯರ ಸರ್ಕಾರ ಬಿದ್ದು ರಾಜ್ಯದಲ್ಲಿ ಮೊದಲ ಕಾಂಗ್ರೆಸ್ಸೇತರ ಸರ್ಕಾರ ಬಂತು. ಸೋಲಿಗೆ ಈ ರೈತರ ಸಿಟ್ಟೂ ಒಂದು ಕಾರಣ ಅನ್ನುತ್ತಾರೆ.

ಇದು ನಾನು ಆಮೇಲೆ ಓದಿಕೊಂಡದ್ದು. ಅಜ್ಜ ಹೇಳಿದ್ದು ಬೇರೆ.

"ನಮ್ಮ ಹೊಲ ಕಾಲುವಿ ತುದೀಗೆ ಇತ್ತು. ಕಾಲುವಿ ಬಂತು, ನೀರು ಬರಲಿಲ್ಲ, ಕರ ಬಂತು. ಪೇಪರ್‌ನ್ಯಾಗ ಬಂಡಾಯ ಅಂತ ಬರದ್ರು. ನಾವು ಬಂಡಾಯ ಮಾಡಾಕ ಹೋಗಿದ್ದಿಲ್ಲಪಾ. ಬರಲಾರದ ನೀರಿಗೆ ರೊಕ್ಕ ಯಾಕ ಕೊಡಬೇಕು ಅಂತ ಕೇಳಾಕ ಹೋಗಿದ್ವಿ. ನಾ ಹಿಂದ ನಿಂತಿದ್ದೆ. ಸಪ್ಪಳ ಕೇಳ್ತು, ಮಂದಿ ಓಡಾಕ ಹತ್ತಿದ್ರು. ನಾನೂ ಓಡಿದೆ. ಸೈಕಲ್ ಚಹಾದಂಗಡಿ ಗೋಡಿಗೆ ನಿಲ್ಲಿಸಿದ್ದೆ, ಅಲ್ಲೇ ಬಿಟ್ಟು ಹೊಲದಾಗ ಹಾಯ್ದು ರಾತ್ರಿ ಮನಿಗೆ ಬಂದೆ. ಎಂಟು ದಿನ ಆದಮ್ಯಾಲ ಅಣ್ಣ ಹೋಗಿ ಸೈಕಲ್ ತಂದ. ನನಗ ಹೋಗಾಕ ಧೈರ್ಯ ಆಗಲಿಲ್ಲ."

"ಇಷ್ಟ ದಿನ ಯಾಕ ಹೇಳಲಿಲ್ಲಜ್ಜಾ?"

"ಸತ್ತಾವ್ರ ಹೆಸರು ಕಲ್ಲಿನ ಮ್ಯಾಲ ಐತಿ. ಓಡಿ ಬಂದಾವ್ರು ಏನಂತ ಹೇಳ್ಕೋಬೇಕೋ?"

ನನಗೆ ಉತ್ತರ ಹೊಳೆಯಲಿಲ್ಲ. ಆದರೆ ಅವತ್ತಿಂದ ಅದೇ ತಲೆಯಲ್ಲಿದೆ. ಜಿನವಲ್ಲಭ ಬರೆಸದೇ ಹೋಗಿದ್ದರೆ ಅಬ್ಬಣಬ್ಬೆಯ ಹೆಸರೂ ನಮಗೆ ಗೊತ್ತಿರುತ್ತಿರಲಿಲ್ಲ. ಹಿಂದೆ ನಿಂತಿದ್ದ ಸಾವಿರಾರು ಜನರ ಮಾತನ್ನು ಯಾರೂ ಕಲ್ಲಿನಲ್ಲಿ ಕೆತ್ತುವುದಿಲ್ಲ. ಮನೆಯವರು ಕೇಳಿ ಬರೆದಿಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ. ನಾನಂತೂ ಕೇಳಿಯೇ ಇರಲಿಲ್ಲ, ಒಂದು ಖಾಲಿ ಮನೆ ಕೇಳಿಸಿತು.

ಆ ಮೂರು ಮನೆ ತುಂಬಲು ಮನಸ್ಸಾಗದೆ ಹಾಗೇ ಬಿಟ್ಟೆ. ಮರುದಿನದ ಪೇಪರ್‌ನಲ್ಲಿ ಉತ್ತರ ಬಂತು. ಅಜ್ಜ ಈ ಸಲ ತಾನೇ ಆ ಪುಟ ತೆಗೆದು ನೋಡಿದ. "ಬಂಡಾಯನ ಹಾಕ್ಯಾರ ನೋಡು" ಅಂದು ಕಡಲೆ ರೇಟು ನೋಡೋಕೆ ಪುಟ ತಿರುಗಿಸಿದ.

ಪ್ರತಿ ಜುಲೈ 21ಕ್ಕೆ ನವಲಗುಂದದಲ್ಲಿ ಹುತಾತ್ಮ ರೈತರನ್ನು ನೆನೆಯುತ್ತಾರೆ. ಮುಂದಿನ ಸಲ ರಜೆ ಹಾಕಿ ಅಜ್ಜನನ್ನು ಕರೆದುಕೊಂಡು ಹೋಗಬೇಕು ಅಂದುಕೊಂಡಿದ್ದೇನೆ. ಕೇಳಿದೆ. ಬರ್ತೀನಿ ಅಂತ ಅಂದಿಲ್ಲ. ಒಲ್ಲೆ ಅಂತಲೂ ಅಂದಿಲ್ಲ.

ನಿಮ್ಮ ಮನೆಯಲ್ಲೂ ಯಾರಾದರೂ ಹೀಗೆ ಸುಮ್ಮನೆ ಕೂತಿರಬಹುದು. ಕೇಳಿ ನೋಡಿ, ಕೇಳಿದ್ದನ್ನು ಬರೆಯಿರಿ. ನಾನು ಬಂದು ಓದುತ್ತೇನೆ...