ಇರುಳುಗುರುಡಿನ ಮೇಲೊಂದು ಮೋತಿಬಿಂದು

ಸೇಡಂ, ಚಿತ್ತಾಪುರ, ಚಿಂಚೋಳಿ ಕಡೆಯ ಹಳ್ಳಿಗಳಲ್ಲಿ "ಅವರ ಮನೆತನದಾಗೇ ಇರುಳುಗಣ್ಣು ಅದ" ಎಂಬ ಮಾತನ್ನು ತಾವು ಕೇಳಿರಬಹುದು. ಉರ್ದುವಿನಲ್ಲಿ ಇದನ್ನು ಶಬ್‌ಕೋರಿ ಎನ್ನುತ್ತಾರೆ. ಶಬ್ ಎಂದರೆ ಇರುಳು, ಕೋರಿ ಎಂದರೆ ಕುರುಡು. ಹೆಸರು ಒಂದಾದರೂ ಕಾಯಿಲೆ ಒಂದಲ್ಲ. 'ಎ' ಜೀವಸತ್ವದ ಕೊರತೆಯಿಂದ ಬರುವುದು ಒಂದು. ಅದನ್ನು ತಡೆಯಲು ಭಾರತ ಸರ್ಕಾರ 1970ರಲ್ಲಿ ಮಕ್ಕಳಿಗೆ ಜೀವಸತ್ವದ ದ್ರಾವಣ ಕುಡಿಸುವ ಕಾರ್ಯಕ್ರಮ ಆರಂಭಿಸಿತು. ಮನೆತನದಲ್ಲಿ ಹರಿದು ಬರುವುದು ಇನ್ನೊಂದು. ಇದರಲ್ಲಿ ಕಣ್ಣಿನ ಒಳಪರದೆ, ಅಂದರೆ ರೆಟಿನಾ, ನಿಧಾನವಾಗಿ ಸವೆಯುತ್ತದೆ. ಮೊದಲು ರಾತ್ರಿಯ ನೋಟ, ಆಮೇಲೆ ಪಕ್ಕದ ನೋಟ ಹೋಗಿ, ಕೊನೆಗೆ ಕೊಳವೆಯೊಳಗಿಂದ ನೋಡಿದಂತಾಗುತ್ತದೆ.

1851ರಲ್ಲಿ ಜರ್ಮನಿಯ ಹೆಲ್ಮ್‌ಹೋಲ್ಟ್ಸ್ ಕಣ್ಣಿನ ಒಳಗನ್ನು ನೋಡುವ ಉಪಕರಣವನ್ನು ಪ್ರಕಟಪಡಿಸಿದ ಮೇಲೆಯೇ ವೈದ್ಯರಿಗೆ ಈ ಸವೆತ ಕಾಣಿಸಿತು. ಹಾಲೆಂಡಿನ ಡಾಂಡರ್ಸ್ 1857ರಲ್ಲಿ ರೆಟಿನೈಟಿಸ್ ಪಿಗ್ಮೆಂಟೋಸಾ ಎಂದು ಕರೆದರು. ಆ ಹೆಸರಿಗೆ ಉರಿಯೂತವೆಂಬ ಅರ್ಥ ಬರುತ್ತದೆ, ಆದರೆ ಇದು ಉರಿಯೂತದ ಕಾಯಿಲೆಯಲ್ಲ. ತಪ್ಪು ಹೆಸರೇ ಇಂದಿಗೂ ಉಳಿದಿದೆ. 1861ರಲ್ಲಿ ಬರ್ಲಿನ್ನಿನ ಲೀಬ್ರೈಶ್, ಹತ್ತಿರದ ಸಂಬಂಧದಲ್ಲಿ ಮದುವೆಯಾದವರ ಮಕ್ಕಳಲ್ಲಿ ಇದು ಹೆಚ್ಚೆಂದು ಗುರುತಿಸಿದರು. ಸೋದರಮಾವ, ಅತ್ತೆ-ಮಾವನ ಮಕ್ಕಳ ಜೊತೆ ಮದುವೆ ನಮ್ಮಲ್ಲಿ ಯಾವುದೋ ಒಂದು ಸಮುದಾಯದ ರೂಢಿಯಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಸುಮಾರು ಕಾಲು ಭಾಗ ಮದುವೆಗಳು ರಕ್ತಸಂಬಂಧದಲ್ಲೇ ಆಗಿವೆ. ತಂದೆ-ತಾಯಿ ಇಬ್ಬರಲ್ಲೂ ಒಂದೇ ದೋಷ ಅಡಗಿದ್ದರೆ ಪ್ರತಿ ಮಗುವಿಗೂ ನಾಲ್ಕರಲ್ಲಿ ಒಂದು ಸಂಭವ. ಸಂಬಂಧದಲ್ಲಿ ಮದುವೆಯಾಗದ ಮನೆಗಳಲ್ಲೂ ಇದು ಬರುವುದುಂಟು. ಆದ್ದರಿಂದ ಸೊಸೆಯ ಮೇಲೋ ಬೀಗರ ಮೇಲೋ ತಪ್ಪು ಹೊರಿಸುವುದು ಅನ್ಯಾಯ.

ಆದರೆ ನಾನು ತಮ್ಮ ಗಮನಕ್ಕೆ ತರಬಯಸುವುದು ಬೇರೆ. "ಇದಕ್ಕೆ ಮದ್ದಿಲ್ಲ" ಎಂದು ಒಮ್ಮೆ ಕೇಳಿದ ಮನೆಯವರು ಮತ್ತೆ ಕಣ್ಣಿನ ಡಾಕ್ಟರ ಹತ್ತಿರ ಹೋಗುವುದೇ ಇಲ್ಲ. ಈ ಕಾಯಿಲೆಯ ಬೆನ್ನಿಗೆ ಬರುವ ತೊಂದರೆಗಳಿಗೆ ಮಾತ್ರ ಮದ್ದಿದೆ. ಮೊದಲನೆಯದು ಮೋತಿಬಿಂದು. ಇವರಿಗೆ ಅದು ಮುಪ್ಪಿಗೆ ಕಾಯದೆ ಮೂವತ್ತು-ನಲವತ್ತರಲ್ಲೇ ಮಸೂರದ ಹಿಂಬದಿಯ ನಡುವೆ ಕಟ್ಟಿಕೊಳ್ಳಬಹುದು. ಉಳಿದಿರುವ ನೋಟವೇ ನಡುವಿನದು. ಪೊರೆ ಕೂಡುವುದೂ ಅಲ್ಲಿಯೇ! ಶಹಾಬಾದ್, ವಾಡಿ ಕಡೆಯ ಫರ್ಸಿ ಗಣಿಗಳ ಬಿಸಿಲಿನಲ್ಲಿ ಇಂಥವರಿಗೆ ಕಣ್ಣು ಕುಕ್ಕಿ ಏನೂ ಕಾಣದಂತಾಗುತ್ತದೆ. ಮನೆಯವರು ಮಾತ್ರ "ರೋಗ ಬೆಳೀತು" ಎಂದು ಸುಮ್ಮನಾಗುತ್ತಾರೆ.

ಬೀಳಗಿಯಲ್ಲಿ ಹುಟ್ಟಿದ ಡಾ. ಎಂ. ಸಿ. ಮೋದಿಯವರು (1916-2005) ಊರೂರಿನ ಶಿಬಿರಗಳಲ್ಲಿ ಪೊರೆ ತೆಗೆದು ನಾಡಿನ ಬಡವರಿಗೆ ಶಸ್ತ್ರಚಿಕಿತ್ಸೆಯ ಭಯ ಬಿಡಿಸಿದರು. ಹಿಂದೆ ಪೊರೆ ತೆಗೆದವರಿಗೆ ದಪ್ಪ ಗಾಜಿನ ಕನ್ನಡಕವೇ ಗತಿ. ಮೊದಲೇ ಪಕ್ಕದ ನೋಟವಿಲ್ಲದವರಿಗೆ ಅದು ಇನ್ನಷ್ಟು ಇಕ್ಕಟ್ಟು. 1949ರಲ್ಲಿ ಲಂಡನ್ನಿನ ಹೆರಾಲ್ಡ್ ರಿಡ್ಲಿ ಕಣ್ಣಿನೊಳಗೇ ಕೃತಕ ಮಸೂರ ಇಟ್ಟರು. ಆ ವಿಧಾನ ನಮ್ಮಲ್ಲಿ ಸಾಮಾನ್ಯವಾಗಲು ದಶಕಗಳೇ ಹಿಡಿದವು. ಈಗ ರೆಟಿನಾದ ನಡುಭಾಗ ಉಳಿದಿದ್ದರೆ ಈ ಶಸ್ತ್ರಚಿಕಿತ್ಸೆಯಿಂದ ಓದುವ ನೋಟ ಎಷ್ಟೋ ಸುಧಾರಿಸುತ್ತದೆ. ರಾತ್ರಿಯ ನೋಟ, ಪಕ್ಕದ ನೋಟ ಮರಳುವುದಿಲ್ಲ. ಇವರಲ್ಲಿ ಮಸೂರ ಹಿಡಿದಿಡುವ ಎಳೆಗಳು ಸಡಿಲವಿರಬಹುದಾದ್ದರಿಂದ, ಶಿಬಿರಕ್ಕೆ ಹೋದರೂ ಮನೆತನದ ಇರುಳುಗುರುಡಿನ ಸಂಗತಿಯನ್ನು ಡಾಕ್ಟರಿಗೆ ಮೊದಲೇ ಹೇಳಬೇಕು.

ಎರಡನೆಯ ತೊಂದರೆ ರೆಟಿನಾದ ನಡುವೆ ನೀರು ತುಂಬಿ ಬರುವ ಬಾವು. 1991ರಲ್ಲಿ ಬಂದ ಒಸಿಟಿ ಸ್ಕ್ಯಾನಿನಲ್ಲಿ ಇದು ಸ್ಪಷ್ಟವಾಗಿ ಕಾಣುತ್ತದೆ. ಹನಿ ಔಷಧ ಅಥವಾ ಮಾತ್ರೆಯಿಂದ ಹಲವರಲ್ಲಿ ಇಳಿಯುತ್ತದೆ. ಮೂಲ ಕಾಯಿಲೆಗೆ 2017ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಜೀನ್ ಚಿಕಿತ್ಸೆ ಆರ್‌ಪಿಇ65 ಎಂಬ ಒಂದೇ ಜೀನಿನ ದೋಷಕ್ಕೆ ಮಾತ್ರ, ಅದೂ ಕೋಟಿಗಳ ಬೆಲೆಗೆ.

ವಾಡಿಯಿಂದ ಚಿತ್ತಾಪುರ, ಸೇಡಂ ಹಾದು ಸಿಕಂದರಾಬಾದಿಗೆ ಹೋಗುವ ರೈಲುಮಾರ್ಗ 1874ರದು. ಅದೇ ದಾರಿಯ ಕೊನೆಗಿರುವ ಹೈದರಾಬಾದಿನಲ್ಲಿ ಸರೋಜಿನಿ ದೇವಿ ಸರ್ಕಾರಿ ಕಣ್ಣಾಸ್ಪತ್ರೆಯೂ 1987ರಲ್ಲಿ ಆರಂಭವಾದ ಎಲ್. ವಿ. ಪ್ರಸಾದ್ ಸಂಸ್ಥೆಯೂ ಇವೆ. ಅಲ್ಲಿಗೆ ಹೋದಾಗ "ರೋಗ ಬೆಳೆದಿದೆಯೇ?" ಎಂದಷ್ಟೇ ಕೇಳಿ ಬರಬೇಡಿ, ಪೊರೆ ಇದೆಯೇ, ಬಾವು ಇದೆಯೇ ಎಂದೂ ಕೇಳಿರಿ.