ಅಜ್ಜನ ರುಮಾಲು ಮತ್ತು 256 ಬಣ್ಣ

ಈ ವಾರದ ಎಪಿಸೋಡ್ ಹುಟ್ಟಿದ್ದು ನಮ್ಮ ಮನೆ ಜಗಳದಿಂದ.

ನಮ್ಮೂರು ಕೊಂಡಜ್ಜಿ. ಅಜ್ಜ ಓಡಾಡೋದು ಕಾಣೋ ವಿಡಿಯೋ ನಮ್ಮ ಹತ್ರ ಇರೋದು ಒಂದೇ, ಅತ್ತೆ ಮದುವೆದು. 1998, ಅಂದ್ರೆ ದಾವಣಗೆರೆ ಜಿಲ್ಲೆ ಆದ ಮರುವರ್ಷ. ದೊಡ್ಡ ಕ್ಯಾಸೆಟ್‌ನಿಂದ ಎರಡು ನಿಮಿಷ ಮಾತ್ರ ಯಾರೋ ಪರಿಚಯದವರು ಕಂಪ್ಯೂಟರ್‌ಗೆ ಇಳಿಸಿ ಸಿಡಿ ಮಾಡಿಕೊಟ್ಟಿದ್ರು. ಅದರಲ್ಲಿ ಅಜ್ಜನ ರುಮಾಲು ಕೇಸರಿ.

"ಗುಲಾಬಿ ಇತ್ತಪ್ಪಾ, ನಾನೇ ಇಸ್ತ್ರಿ ಮಾಡಿ ಕೊಟ್ಟಿದ್ದೆ" ಅಂತಾರೆ ಅತ್ತೆ. "ವಿಡಿಯೋ ಸುಳ್ಳು ಹೇಳ್ತೈತೇನು?" ಅಂತಾರೆ ಅಪ್ಪ.

ಹೇಳ್ತೈತಿ. ಹೆಂಗೆ ಅಂತ ಕೇಳಿ.

ಇವತ್ತು ನಿಮ್ಮ ಫೋನಿನಲ್ಲಿ ಒಂದು ಚುಕ್ಕೆಗೆ 1 ಕೋಟಿ 67 ಲಕ್ಷ ಬಣ್ಣಗಳಲ್ಲಿ ಯಾವುದಾದರೂ ಬರಬಹುದು. ಅದಕ್ಕೆ ಚುಕ್ಕೆಗೆ 3 ಬೈಟ್ ಬೇಕು. ಆಗಿನ ಮನೆ ಕಂಪ್ಯೂಟರ್‌ಗಳಲ್ಲಿ ಬಹಳಷ್ಟು ಒಂದೇ ಬೈಟ್‌ನಲ್ಲಿ ಸಂಸಾರ ಮಾಡ್ತಿದ್ವು. ಒಂದು ಬೈಟ್ ಅಂದ್ರೆ 256 ಬಣ್ಣ, ಅಷ್ಟೇ. ಬಿ.ಕಾಂ ಓದಿದವರಿಗೆ ಇದು ಬೇಗ ಅರ್ಥ ಆಗುತ್ತೆ. ಜರ್ನಲ್‌ನಲ್ಲಿ ಖಾತೆಯ ಪೂರ್ತಿ ವಿವರ ಬರೆಯದೆ ಲೆಡ್ಜರ್ ಪುಟದ ನಂಬರ್ ಹಾಕ್ತೀವಲ್ಲ, ಹಾಗೇ ಚುಕ್ಕೆಯಲ್ಲಿ ಬಣ್ಣ ಇರಲ್ಲ, ನಂಬರ್ ಇರುತ್ತೆ. ಯಾವ ನಂಬರ್ ಯಾವ ಬಣ್ಣ ಅನ್ನೋ ಪಟ್ಟಿನೇ ಪ್ಯಾಲೆಟ್.

ಜಿಪುಣತನ ಅನ್ನಬೇಡಿ. 160 ಅಡ್ಡ, 120 ಉದ್ದದ ಪುಟಾಣಿ ಚಿತ್ರ, ಸೆಕೆಂಡಿಗೆ 15 ಫ್ರೇಮ್ ಅಂದ್ರೂ ಒಂದು ನಿಮಿಷಕ್ಕೆ 17 ಎಂಬಿ. ಪೂರ್ತಿ ಬಣ್ಣ ಅಂದ್ರೆ ಅದರ ಮೂರು ಪಟ್ಟು.

ಹಾಗಾದ್ರೆ ಆ 256 ಬಣ್ಣ ಯಾವುವು ಅಂತ ಯಾರು ತೀರ್ಮಾನ ಮಾಡ್ತಾರೆ? ಭಾರತದ ಟಿವಿಗೆ ಬಣ್ಣ ಬಂದ 1982ರಲ್ಲೇ ಪಾಲ್ ಹೆಕ್‌ಬರ್ಟ್ ಅನ್ನೋರು ಇದಕ್ಕೊಂದು ಲೆಕ್ಕ ಪ್ರಕಟಿಸಿದ್ರು, ಹೆಸರು ಮೀಡಿಯನ್ ಕಟ್. ಚಿತ್ರದ ಬಣ್ಣಗಳನ್ನೆಲ್ಲ ಒಂದು ಪೆಟ್ಟಿಗೆ ಅಂದ್ಕೊಳ್ಳಿ. ಎರಡೂ ಕಡೆ ಸಮ ಚುಕ್ಕೆ ಬರೋ ಹಾಗೆ ಕತ್ತರಿಸಿ, ಆ ತುಂಡುಗಳನ್ನ ಮತ್ತೆ ಕತ್ತರಿಸಿ, 256 ಆಗೋ ತನಕ. ಒಂದೊಂದು ತುಂಡಿನ ಸರಾಸರಿ ಒಂದೊಂದು ಬಣ್ಣ. ಜಾಸ್ತಿ ಕಾಣೋ ಬಣ್ಣಕ್ಕೆ ಜಾಸ್ತಿ ಸೀಟು. ಒಂಥರಾ ಎಲೆಕ್ಷನ್ನೇ.

ಆದ್ರೆ ಚಲಿಸೋ ಚಿತ್ರದಲ್ಲಿ ಮತ ಹಾಕೋರು ಯಾವ ಫ್ರೇಮ್‌ಗಳು? 1992ರಲ್ಲಿ ಮೈಕ್ರೋಸಾಫ್ಟ್ 'ವಿಡಿಯೋ ಫಾರ್ ವಿಂಡೋಸ್' ತಂತು. ಅದರ ಕ್ಯಾಪ್ಚರ್ ಭಾಗದಲ್ಲಿ ಪ್ರೋಗ್ರಾಮರ್‌ಗಳಿಗೆ 'ಕ್ಯಾಪ್‌ಪ್ಯಾಲೆಟ್‌ಆಟೋ' ಅಂತ ಒಂದು ಆಜ್ಞೆ. ಎಷ್ಟು ಫ್ರೇಮ್ ನೋಡಲಿ, ಎಷ್ಟು ಬಣ್ಣ ಕೊಡಲಿ, ಎರಡೇ ಪ್ರಶ್ನೆ. ಇನ್ನೊಂದು 'ಕ್ಯಾಪ್‌ಪ್ಯಾಲೆಟ್‌ಮ್ಯಾನ್ಯುಯಲ್', ಅಲ್ಲಿ ಬೇಕಾದ ಫ್ರೇಮನ್ನ ನಾವೇ ಒಂದೊಂದಾಗಿ ಆರಿಸಿ ಪ್ಯಾಲೆಟ್‌ಗೆ ಸೇರಿಸಬಹುದಿತ್ತು. ತಾಳ್ಮೆ ಬೇಡುವ ಕೆಲಸ. ಅದರ ಮೇಲೆ ಕಿಟಕಿ, ಬಟನ್ ಬಿಡಿಸೋಕೆ ಅಂತ ವಿಂಡೋಸ್ 20 ಬಣ್ಣ ತನಗೇ ಇಟ್ಕೊಳ್ತಿತ್ತು. ನಮ್ಮ ಪಾಲಿಗೆ ಉಳಿಯೋದು 236!

ಪ್ರೋಗ್ರಾಮಿಂಗ್ ಗೊತ್ತಿರೋ ಗೆಳೆಯನ ಜೊತೆ ಕೂತು ನಮ್ಮ ಫೈಲ್‌ನ ಪ್ಯಾಲೆಟ್ ತೆಗೆದು ನೋಡಿದೆ. ಬಾಳೆಕಂಬದ ಹಸಿರು ಸಾಲುಸಾಲು. ಚೆಂಡುಹೂವಿನ ಕೇಸರಿ, ಹಳದಿ ಕೈತುಂಬ. ಲೈಟಿನ ಬಿಳಿ. ಗುಲಾಬಿ ಒಂದೂ ಇಲ್ಲ.

ವಿಡಿಯೋ ಶುರುವಾಗೋದು ಖಾಲಿ ಮಂಟಪದಿಂದ. ಅಜ್ಜ ಬರೋದು ಒಂದು ನಿಮಿಷ ಕಳೆದ ಮೇಲೆ. ಸಾಫ್ಟ್‌ವೇರ್ ಮೊದಲ ಫ್ರೇಮ್‌ಗಳನ್ನ ನೋಡಿ ಪಟ್ಟಿ ಮುಗಿಸಿರಬೇಕು. ಆಮೇಲೆ ಬಂದ ರುಮಾಲಿಗೆ ಪಟ್ಟಿಯಲ್ಲಿ ಹತ್ತಿರ ಸಿಕ್ಕಿದ ಬಣ್ಣ ಹಚ್ಚಿದೆ. ಅಪ್ಪ ಸಾಕ್ಷಿ ಅಂತ ತೋರಿಸ್ತಿರೋದು ರುಮಾಲಿನ ಬಣ್ಣ ಅಲ್ಲ, ಮಂಟಪದ ಚೆಂಡುಹೂವಿನ ಬಣ್ಣ.

ಈಗಿನ ಆ್ಯಪ್‌ಗಳಿಗೆ ಕೊಟ್ಟು ಬಣ್ಣ ಸರಿ ಮಾಡಿಸು ಅಂತ ತುಂಬ ಜನ ಹೇಳಿದ್ರು. ನಾನು ಒಪ್ಪಲಿಲ್ಲ. ಫೈಲ್‌ನಲ್ಲಿ ಇಲ್ಲದ ಗುಲಾಬಿಯನ್ನ ಆ್ಯಪ್ ಊಹೆ ಮಾಡಬೇಕು. ಊಹೆಗೆ ಅತ್ತೆನೇ ವಾಸಿ, ಅವರು ಅಲ್ಲೇ ಇದ್ರು.

ಮೂಲ ಕ್ಯಾಸೆಟ್ ಹರಿಹರದ ಅತ್ತೆ ಮನೆ ಅಟ್ಟದ ಮೇಲೆ ಐತಂತೆ. ಬೂಷ್ಟು ಹಿಡಿದಿರಬಹುದು. ಭಾನುವಾರ ಹೋಗ್ತಿದೀನಿ, ಅಪ್ಪನೂ ಬರ್ತಾರಂತೆ.