ಬಿದಿರಿನ ಕತ್ತಿಯೂ ಮುಳ್ಳಿನ ಮೆಳೆಯೂ

ಬಿದಿರಿನಿಂದ ಏನೇನು ಮಾಡುತ್ತಾರೆ ಎಂದು ನಮ್ಮ ಹುಲಗೋಳದ ಕಡೆಯ ಹೆಂಗಸರನ್ನು ಕೇಳಿ ನೋಡಿ. ಗೆರಸಿ, ಬುಟ್ಟಿ, ಹೆಡಿಗೆ, ಅಡಿಕೆ ಒಣಗಿಸುವ ತಟ್ಟಿ, ದೋಟಿ, ಏಣಿ, ಬೇಲಿಯ ಗಳ ಎಂದು ಬೆರಳು ಮಡಿಚುತ್ತಾ ಹೋಗುತ್ತಾರೆ. ಮಳೆಗಾಲದ ಕಳಲೆ ಪಲ್ಯವನ್ನೂ ಮರೆಯುವುದಿಲ್ಲ. ತೊಟ್ಟಿಲಿನಿಂದ ಚಟ್ಟದ ತನಕ ಬಿದಿರೇ ಎಂದು ಹಿರಿಯರು ಹೇಳುವುದು ಸುಮ್ಮನೆ ಅಲ್ಲ. ಆದರೆ ಈ ಪಟ್ಟಿಯಲ್ಲಿ ಕತ್ತಿಯ ಹೆಸರು ಬರಲಿಕ್ಕಿಲ್ಲ. ಕತ್ತಿ ಇರುವುದು ಬಿದಿರು ಕಡಿಯುವುದಕ್ಕೆ. ಬಿದಿರಿನಲ್ಲೇ ಕತ್ತಿ ಮಾಡುವುದುಂಟೇ ಎಂದು ನಕ್ಕಾರು.

ಉಂಟು. ಜಪಾನಿನಲ್ಲಿ ಕೆಂಡೊ ಎಂಬ ಕತ್ತಿವರಸೆಯನ್ನು ಕಲಿಯುವವರು ಹಿಡಿಯುವುದು ಬಿದಿರಿನ ಕತ್ತಿಯನ್ನೇ. ಅದಕ್ಕೆ ಶಿನಾಯಿ ಎಂದು ಹೆಸರು. ಬಳುಕುವುದು, ಬಾಗುವುದು ಎಂಬ ಅರ್ಥದ ಮಾತಿನಿಂದ ಆ ಹೆಸರು ಬಂದಿತಂತೆ. ಅದರ ಹಿಂದಿನ ಕತೆ ಹೀಗಿದೆ. ಹಿಂದೆ ಜಪಾನಿನ ಯೋಧರು ಅಭ್ಯಾಸಕ್ಕೆ ಗಟ್ಟಿ ಮರದ ಕತ್ತಿ ಬಳಸುತ್ತಿದ್ದರು. ಮರದ್ದು ಎಂದರೆ ಮಕ್ಕಳಾಟದ ಸಾಮಾನಲ್ಲ. ಅದರ ಒಂದು ಪೆಟ್ಟಿಗೆ ಮೂಳೆ ಮುರಿಯುತ್ತಿತ್ತು, ಪ್ರಾಣವೂ ಹೋಗುತ್ತಿತ್ತು. ಪೆಟ್ಟು ತಾಗಬಾರದೆಂದು ಕೈ ತಡೆದರೆ ವಿದ್ಯೆ ಪೂರ್ತಿ ಬರುವುದಿಲ್ಲ. ತಡೆಯದಿದ್ದರೆ ಕಲಿಯುವವನೇ ಉಳಿಯುವುದಿಲ್ಲ. 16ನೆಯ ಶತಮಾನದಲ್ಲಿ ಸೀಳಿದ ಬಿದಿರಿಗೆ ಚರ್ಮದ ಚೀಲ ತೊಡಿಸಿದ ಕತ್ತಿ ಬಳಕೆಗೆ ಬಂತು. ಅದರ ಹಿರಿಮೆಯನ್ನು ಕಾಮಿಇಜುಮಿ ನೊಬುತ್ಸುನ ಎಂಬ ಗುರುವಿಗೆ ಸಲ್ಲಿಸುತ್ತಾರೆ. ಮುಂದೆ 18ನೆಯ ಶತಮಾನದ ಆರಂಭದಲ್ಲಿ ನಾಗಾನುಮ ಕುನಿಸಾತೊ ಎಂಬವನು ತಲೆಗೂ ಕೈಗೂ ರಕ್ಷೆ ಕಟ್ಟಿ, ಬಿದಿರಿನ ಕತ್ತಿಯಿಂದ ನಿಜವಾಗಿಯೇ ಹೊಡೆದು ಕಲಿಯುವ ಪದ್ಧತಿಯನ್ನು ಬೆಳೆಸಿದ. 1876ರಲ್ಲಿ ಸರ್ಕಾರ ಸೊಂಟದಲ್ಲಿ ಕತ್ತಿ ಧರಿಸುವುದನ್ನೇ ನಿಷೇಧಿಸಿತು. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಬಂದ ಹೊರಗಿನವರ ಆಡಳಿತದಲ್ಲಿ ಕೆಂಡೊ ಕಲಿಸುವುದಕ್ಕೂ ತಡೆ ಬಿತ್ತು. 1952ರಲ್ಲಿ ಅಖಿಲ ಜಪಾನ್ ಕೆಂಡೊ ಒಕ್ಕೂಟ ಹುಟ್ಟಿತು. 1962ರಲ್ಲಿ ಹೆಂಗಸರ ರಾಷ್ಟ್ರಮಟ್ಟದ ಸ್ಪರ್ಧೆಯೂ ಶುರುವಾಯಿತು. ಉಕ್ಕಿನ ಕತ್ತಿಗಳು ಗಾಜಿನ ಕಪಾಟು ಸೇರಿದರೆ ಬಿದಿರಿನ ಕತ್ತಿ ಬದುಕಿಕೊಂಡಿತು.

ಈ ಕತ್ತಿಯ ರಚನೆ ನೋಡಿದರೆ ನಮ್ಮ ಬುಟ್ಟಿ ಹೆಣೆಯುವವರು ತಲೆದೂಗಿಯಾರು. ಬಿದಿರಿನ ನಾಲ್ಕು ಸೀಳುಗಳನ್ನು ಒಟ್ಟಿಗೆ ಹೊಂದಿಸುತ್ತಾರೆ. ಮೊಳೆಯಿಲ್ಲ, ಅಂಟಿಲ್ಲ. ಹಿಡಿಕೆಗೆ ಚರ್ಮದ ತೋಳು, ತುದಿಗೆ ಚರ್ಮದ ಟೊಪ್ಪಿ, ಎರಡನ್ನೂ ಬಿಗಿದು ಹಿಡಿಯುವ ಒಂದು ದಾರ. ತುದಿಯಿಂದ ಸುಮಾರು ಕಾಲು ಭಾಗ ಕೆಳಗೆ ಚರ್ಮದ ಪಟ್ಟಿಯ ಒಂದು ಕಟ್ಟು. ಹಿಡಿಕೆಯೊಳಗೆ ಸೀಳುಗಳು ಜಾರದಂತೆ ಒಂದು ಪುಟ್ಟ ಲೋಹದ ಬಿಲ್ಲೆ. ದೊಡ್ಡವರ ಕತ್ತಿಯ ಉದ್ದ 120 ಸೆಂಟಿಮೀಟರ್ ಮೀರುವಂತಿಲ್ಲ. ತೂಕ ಗಂಡಸರದ್ದು 510 ಗ್ರಾಂ, ಹೆಂಗಸರದ್ದು 440 ಗ್ರಾಮಿಗಿಂತ ಕಡಿಮೆ ಇರಬಾರದು.

ಕೊಂಡು ತಂದರೆ ಕೆಲಸ ಮುಗಿಯಲಿಲ್ಲ; ಅಲ್ಲಿಂದಲೇ ಶುರು. ಪ್ರತಿ ಸಲ ಆಡುವ ಮೊದಲು ಕತ್ತಿಯ ಮೈಮೇಲೆ ಕಣ್ಣೋಡಿಸಬೇಕು, ಬಟ್ಟೆಯಿಂದ ಒರೆಸುತ್ತಾ ತಡವಿ ನೋಡಬೇಕು. ಸಿಬಿರು ಎದ್ದಿದ್ದರೆ ಚಾಕುವಿನಿಂದ ಹೆರೆದು, ಉಪ್ಪುಕಾಗದದಿಂದ ಉಜ್ಜಿ ನಯ ಮಾಡಬೇಕು. ಆಮೇಲೆ ತೆಳ್ಳಗೆ ಎಣ್ಣೆ ಸವರಿ ಒರೆಸಿ ಒಣಗಲು ಬಿಡಬೇಕು. ಹವೆ ಒಣಗಿದಾಗ ಬಿದಿರು ಸೀಳುತ್ತದೆ, ಆಗ ಎಣ್ಣೆಯ ಅಗತ್ಯ ಹೆಚ್ಚು. ಪೆಟ್ಟು ಬೀಳುವುದು ದಾರದ ಎದುರು ಬದಿಗೆ. ಅಲ್ಲಿನ ಸೀಳು ಒಂದೇ ಸಮನೆ ಸವೆಯಬಾರದೆಂದು ಆಗಾಗ ಕಟ್ಟು ಬಿಚ್ಚಿ ಸೀಳುಗಳ ಸ್ಥಾನ ಬದಲಿಸುತ್ತಾರೆ. ದಾರ ಸಡಿಲವಾದರೆ ಎಳೆದು ಕಟ್ಟಬೇಕು, ಪಟ್ಟಿ ಜಾರಿದರೆ ಮತ್ತೆ ಬಿಗಿಯಬೇಕು. ಎರಡು ಕತ್ತಿ ಮುರಿದರೆ ಎರಡರಲ್ಲೂ ಚೆನ್ನಾಗಿ ಉಳಿದ, ಒಂದೇ ಅಳತೆಯ ಸೀಳುಗಳನ್ನು ಆರಿಸಿ ಒಂದು ಹೊಸ ಕತ್ತಿ ಕಟ್ಟುವುದುಂಟು. ಹಳೆಯ ಸೀರೆಗಳನ್ನು ಸೇರಿಸಿ ನಾವು ಕೌದಿ ಹೊಲಿಯುವುದಿಲ್ಲವೇ, ಹಾಗೆ. ಬಿರುಕನ್ನು ಮಾತ್ರ ಟೇಪು ಸುತ್ತಿ ಮುಚ್ಚುವಂತಿಲ್ಲ. ಏಕೆಂದರೆ ಸಡಿಲವಾದ ಒಂದು ಸಿಬಿರು ಮುಖರಕ್ಷೆಯ ಕಂಬಿಗಳ ನಡುವೆ ತೂರಿ ಎದುರಾಳಿಯ ಕಣ್ಣಿಗೇ ಹೋಗಬಹುದು. ತನ್ನ ಕತ್ತಿಯನ್ನು ನೋಡಿಕೊಳ್ಳುವುದೆಂದರೆ ಎದುರಿಗೆ ನಿಂತವರ ಕಣ್ಣನ್ನು ಕಾಯುವುದು.

ಇದೆಲ್ಲ ಓದಿದಾಗ ನನಗೆ ಜಪಾನು ಅಷ್ಟೇನೂ ದೂರ ಅನ್ನಿಸಲಿಲ್ಲ. ನಮ್ಮ ಅಡಿಗೆಮನೆಯ ಗೆರಸಿಗೂ ಇದೇ ಉಪಚಾರ ತಾನೆ? ಹೊಸ ಗೆರಸಿ ಬಂದ ದಿನವೇ ಅದರಲ್ಲಿ ಅಕ್ಕಿ ಕೇರುತ್ತಿರಲಿಲ್ಲ. ಸಗಣಿಯನ್ನೋ, ಮೆಂತ್ಯ ಹಾಕಿ ರುಬ್ಬಿದ ಕಾಗದದ ಹಿಟ್ಟನ್ನೋ ಬಳಿದು ಸಂದು ಮುಚ್ಚಿ ಬಿಸಿಲಿಗೆ ಇಡುತ್ತಿದ್ದರು. ಅಂಚು ಬಿಚ್ಚಿದರೆ ಕಟ್ಟುತ್ತಿದ್ದರು. ಮಳೆಗಾಲದಲ್ಲಿ ಬೂಸಲು ಹಿಡಿಯದಂತೆ, ಕುಟ್ಟೆ ಕೊರೆಯದಂತೆ ಒಲೆಯ ಹೊಗೆ ತಾಗುವ ಕಡೆ ತೂಗುಹಾಕುತ್ತಿದ್ದರು. ಹೊಗೆ ಕುಡಿದು ಕೆಂಪು ಕಪ್ಪಾದ ಬಿದಿರಿಗೆ ಹುಳದ ಭಯವಿಲ್ಲ. ಕಡಿಯುವುದಕ್ಕೂ ಕಾಲವುಂಟು. ಎಳೆಯ ಬಿದಿರು ಬಾಳುವುದಿಲ್ಲ, ಮೂರು ವರ್ಷವಾದರೂ ತುಂಬಿರಬೇಕು. ಮಳೆಗಾಲದಲ್ಲಿ ಕಡಿಯಬಾರದು, ಕಡಿದದ್ದನ್ನು ಕೆಲವು ವಾರ ನೀರಿನಲ್ಲಿ ಮುಳುಗಿಸಿಡಬೇಕು. ಬಿದಿರಿನೊಳಗಿನ ಹಿಟ್ಟಿನಂಶ ನೀರಿಗೆ ಬಿಟ್ಟುಹೋದರೆ ಹುಳಕ್ಕೆ ತಿನ್ನಲು ಏನೂ ಉಳಿಯುವುದಿಲ್ಲ ಎಂದು ಇಂದು ವಿಜ್ಞಾನವೂ ಹೇಳುತ್ತದೆ. ನಮ್ಮ ಹಿರಿಯರಿಗೆ ಆ ಕಾರಣ ಗೊತ್ತಿತ್ತೋ ಇಲ್ಲವೋ, ಕೆಲಸ ಗೊತ್ತಿತ್ತು.

ಬಿದಿರು ಕೈಗೆ ಬರುವ ಮೊದಲು, ಕಾಡಿನಲ್ಲಿರುವಾಗಲೇ ಅದನ್ನು ನೋಡಿಕೊಳ್ಳುವ ವಿದ್ಯೆಯೂ ಒಂದಿತ್ತು. ಆ ವಿದ್ಯೆಯನ್ನು ಕೇಳದೆ ಹೋದದ್ದರಿಂದ ನಮ್ಮ ಜಿಲ್ಲೆಗೆ ಆದ ನಷ್ಟ ಸಣ್ಣದಲ್ಲ.

ದಾಂಡೇಲಿಯ ವೆಸ್ಟ್ ಕೋಸ್ಟ್ ಪೇಪರ್ ಮಿಲ್ 1955ರಲ್ಲಿ ಸ್ಥಾಪನೆಯಾಯಿತು. ಆಗ ನಮ್ಮ ಜಿಲ್ಲೆ ಇನ್ನೂ ಮುಂಬಯಿ ರಾಜ್ಯದಲ್ಲಿತ್ತು. ಉತ್ತರ ಕನ್ನಡದ ಬಿದಿರು ಮುಗಿಯುವಂಥದ್ದೇ ಅಲ್ಲ ಎಂಬ ನಂಬಿಕೆಯಲ್ಲಿ ಸರ್ಕಾರ ಅದನ್ನು ಟನ್ನಿಗೆ ಒಂದೂವರೆ ರೂಪಾಯಿಯಂಥ ದರಕ್ಕೆ ಕಾಗದಕ್ಕಾಗಿ ಕೊಟ್ಟಿತು. ಅದೇ ಬಿದಿರಿಗೆ ಬುಟ್ಟಿ ಹೆಣೆಯುವವರು ಎಷ್ಟೋ ಪಟ್ಟು ಹೆಚ್ಚು ತೆರಬೇಕಾಗಿತ್ತು. ಬರಬರುತ್ತಾ ಹಣ ಕೊಟ್ಟರೂ ಸಿಗದಾಯಿತು. ಅವರ ಗೋಳು ಸರ್ಕಾರದ ಕಿವಿಗೆ ಬಿದ್ದು, 1975ರ ಹೊತ್ತಿಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮಾಧವ ಗಾಡ್ಗೀಳರು ಬಿದಿರಿನ ಅಧ್ಯಯನಕ್ಕೆ ಇಳಿದರು. ಬಿದಿರು ಕ್ಷೀಣಿಸಲು ಊರಿನವರೂ ಅವರ ದನಗಳೂ ಕಾರಣ ಎಂಬ ಮಾತು ಆಗ ಪ್ರಚಾರದಲ್ಲಿತ್ತು.

ನಮ್ಮ ಕಡೆಯ ಹೆಬ್ಬಿದಿರಿನ ಮೆಳೆಯನ್ನು ನೋಡಿದವರಿಗೆ ಗೊತ್ತು, ಬುಡದ ಸುತ್ತ ಮುಳ್ಳಿನ ರೆಂಬೆಗಳು ಹೆಣೆದುಕೊಂಡು ಕೈ ಹಾಕಲು ಬಿಡುವುದಿಲ್ಲ. ಇದು ಮೆಳೆಯ ಉಸಿರು ಕಟ್ಟಿಸುತ್ತದೆ, ಬಿಡಿಸಿದರೆ ಬಿದಿರು ಹುಲುಸಾಗಿ ಬರುತ್ತದೆ ಎಂದು ಬಗೆದು ಕಡಿಯುವವರು ಆ ಮುಳ್ಳನ್ನೆಲ್ಲ ಸವರಿ ಬುಡ ಚೊಕ್ಕ ಮಾಡುತ್ತಿದ್ದರು. ಅದು ತಪ್ಪು ಎಂದು ಹಳ್ಳಿಯವರು ಗಾಡ್ಗೀಳರಿಗೆ ಹೇಳಿದರು. ಮಳೆ ಬಿದ್ದಾಗ ನೆಲದಿಂದ ಏಳುವ ಕಳಲೆಗೆ ಆ ಮುಳ್ಳೇ ಬೇಲಿ. ಬೇಲಿ ಕಿತ್ತರೆ ದನ, ಮುಳ್ಳುಹಂದಿ, ಮುಸಿಯ ಎಲ್ಲವೂ ಬಂದು ಎಳೆಯದನ್ನು ತಿಂದುಹೋಗುತ್ತವೆ. ಕಾಡಿನಲ್ಲಿ ಮೆಳೆಗಳನ್ನು ಗುರುತಿಸಿ ವರ್ಷಗಟ್ಟಲೆ ಲೆಕ್ಕ ಇಟ್ಟು ನೋಡಿದಾಗ ಹಳ್ಳಿಯವರ ಮಾತೇ ನಿಜವಾಯಿತು. ಚೊಕ್ಕ ಮಾಡಿದ ಮೆಳೆಗಳಲ್ಲೇ ಹೊಸ ಬಿದಿರು ಏಳದೆ ಹೋಗುತ್ತಿತ್ತು.

ಮನೆಯೊಳಗೆ ಕಸ ಕಂಡರೆ ಗುಡಿಸುವುದು ನಮ್ಮ ಅಭ್ಯಾಸ. ಹಾಗಾಗಿ ಆ ಮುಳ್ಳು ತೆಗೆದವರ ಮೇಲೆ ನನಗೆ ಪೂರ್ತಿ ಸಿಟ್ಟು ಬರುವುದಿಲ್ಲ. ಆದರೆ ಯಾವುದು ಕಸ, ಯಾವುದು ಬೇಲಿ ಎಂಬುದನ್ನು ಹೇಳಬಲ್ಲವರು ಅಲ್ಲೇ ಪಕ್ಕದಲ್ಲಿದ್ದರು. ಕೂಲಿ ಹೆಂಗಸರು, ದನ ಕಾಯುವವರು, ಕಳಲೆಗೆ ಹೋಗುವವರು, ಮೇದಾರರು. ಅವರನ್ನು ಕೇಳಲಿಲ್ಲ. ಕೆಂಡೊ ಆಡುವವರು ಕತ್ತಿಯ ಸಿಬಿರನ್ನು ಹೆರೆಯುತ್ತಾರೆ; ಕಾಡಿನ ಬಿದಿರಿನ ಮುಳ್ಳನ್ನು ಬಲ್ಲವರು ಬಿಡುತ್ತಾರೆ. ಎಲ್ಲಿ ಹೆರೆಯಬೇಕು, ಎಲ್ಲಿ ಬಿಡಬೇಕು ಎಂದು ತಿಳಿಯುವುದು ದಿನವೂ ಅದನ್ನು ಮುಟ್ಟಿದ ಕೈಗೆ.

ಈಗ ಕೆಂಡೊದಲ್ಲಿ ಕಾರ್ಬನ್ ಎಳೆಯ ಕತ್ತಿಗೂ ಒಪ್ಪಿಗೆಯಿದೆ. ನಮ್ಮ ಪೇಟೆಯಲ್ಲಿ ಪ್ಲಾಸ್ಟಿಕ್ ಮೊರಗಳು ತೂಗುತ್ತವೆ, ಗೌರಿಹಬ್ಬದ ಬಾಗಿನಕ್ಕೂ ಅವನ್ನೇ ಒಯ್ಯುವವರಿದ್ದಾರೆ. ಸಗಣಿ ಬಳಿಯುವ ಕೆಲಸವಿಲ್ಲ, ಕುಟ್ಟೆಯ ಕಾಟವಿಲ್ಲ, ಅನುಕೂಲವೇ ಸರಿ. ಆದರೆ ಬಿದಿರಿನ ಗೆರಸಿಯನ್ನು ಕೊಳ್ಳುವವರೇ ಇಲ್ಲದ ದಿನ ಅದನ್ನು ಹೆಣೆಯುವ ಕೈಯೂ ಬೇರೆ ಕೆಲಸಕ್ಕೆ ಹೋಗುತ್ತದೆ, ಮೆಳೆಯ ಗುಟ್ಟು ಬಲ್ಲ ಮಾತೂ ನಿಲ್ಲುತ್ತದೆ. ಇನ್ನೊಮ್ಮೆ ಗೆರಸಿ ಕೊಳ್ಳುವಾಗ ಬೆಲೆ ಇಳಿಸುವ ಮೊದಲು ಹೆಣೆದವಳನ್ನೇ ಕೇಳಿ: ಇದು ಯಾವ ಬಿದಿರು, ಯಾವಾಗ ಕಡಿದದ್ದು, ಬಹಳ ದಿನ ಬಾಳಬೇಕಾದರೆ ಏನು ಮಾಡಬೇಕು? ಬುಟ್ಟಿಯ ರಾಶಿಯನ್ನು ಪಕ್ಕಕ್ಕೆ ಸರಿಸಿ ಅವಳು ಹೇಳುತ್ತಾಳೆ. ಕೇಳಿಸಿಕೊಳ್ಳುವಷ್ಟು ಹೊತ್ತು ನಿಲ್ಲಬೇಕು, ಅಷ್ಟೆ.